ಜೂನ್ ಎರಡು

ಬಿಸಿಲು ಇನ್ನೂ ಮೆತ್ತಗಾಗಿರಲಿಲ್ಲ.
ದಾಖಲಾತಿ ಮೇಜಿನಿಂದ ನಾನು ಒರೆಸಿದ ಬೂದಿ
ಅರ್ಧ ತಾಸಿಗೆ ಮತ್ತೆ ಬಂದು ಕೂತಿತ್ತು.
ಕುಡತಿನಿಯಲ್ಲಿ ಅದು ಹಾಗೇ,
ಚಿಮಣಿ ಬಿಟ್ಟ ಉಸಿರು ಕೊನೆಗೆ ಇಳಿಯುವುದು
ನಮ್ಮ ಹಾಜರಿ ಪುಸ್ತಕಕ್ಕೇ.

ಹುಲಿಗೆಮ್ಮ ಬಂದಳು, ಮಗಳ ಕೈ ಹಿಡಿದು.
ಹುಡುಗಿಗೆ ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ,
ಅಕ್ಕನ ಹಳೇ ಯೂನಿಫಾರ್ಮು, ಸೊಂಟಕ್ಕೊಂದು ಪಿನ್ನು.
ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯ ಜನನ ಪತ್ರ.
ಹೆಸರು ಧನುಶ್ರೀ. ಹುಟ್ಟಿದ್ದು ಜೂನ್ ಎರಡು.

ಟೈಪ್ ಮಾಡಿದೆ. ಕಂಪ್ಯೂಟರು ಕೆಂಪಗಾಯಿತು.
ಜೂನ್ ಒಂದಕ್ಕೆ ಆರು ತುಂಬಿರಬೇಕು.
ಇವಳಿಗೆ ಐದು ವರ್ಷ, ಹನ್ನೊಂದು ತಿಂಗಳು, ಮೂವತ್ತು ದಿನ.
ಹೋದ ಸಲ ಸಡಿಲ ಬಿಟ್ಟಿದ್ದ ಹಗ್ಗ
ಈ ಸಲ ಬಿಗಿ.
"ಮತ್ತೊಮ್ಮೆ ನೋಡ್ರಿ ಟೀಚರ್" ಅಂದಳು.
ನೋಡಿದೆ, ಅವಳ ಸಮಾಧಾನಕ್ಕೆ.

ಆಗ ಹೇಳಿದ್ದು ಗೇಟಿನ ಕಥೆ.
ಒಂದನೇ ತಾರೀಖು, ರಾತ್ರಿ ಹನ್ನೊಂದು ಇಪ್ಪತ್ತು,
ಬಳ್ಳಾರಿಗೆ ಹೊರಟ ನೂರಾಎಂಟರ ಮುಂದೆ
ರೈಲ್ವೆ ಗೇಟು ಬಿದ್ದಿತ್ತು.
ತೋರಣಗಲ್ಲಿನ ಕಡೆ ಹೊರಟ ಅದಿರಿನ ಗೂಡ್ಸು,
ಅವಸರವೇ ಇಲ್ಲದ ಗೂಡ್ಸು.
"ಗೇಟಿನ್ಯಾಗ ಹಡೀಬಾರ್ದು ಅಂತ ಡಬ್ಬಿ ಎಣಿಸಿದೆ ಟೀಚರ್.
ಐವತ್ತೆಂಟು. ಒಂದೊಂದಕ್ಕೂ ಹಲ್ಲು ಕಚ್ಚೀನಿ."
ಹಡೆದದ್ದು ಹನ್ನೆರಡು ದಾಟಿ ಏಳು ನಿಮಿಷಕ್ಕೆ.
ನರ್ಸು ಗೋಡೆ ಗಡಿಯಾರ ನೋಡಿ ಬರೆದಳು.
ಒಳ್ಳೇ ನರ್ಸು.

ನಮ್ಮ ಕಾಲಕ್ಕೆ ಗಡಿಯಾರ ಎಲ್ಲಿತ್ತು?
ನಾನು ಹುಟ್ಟಿದ್ದು ಎಳ್ಳಮಾಸಿ ದಿನ,
ಅವ್ವ ಹೊಲದಲ್ಲಿ ಚರಗ ಚೆಲ್ಲಿ ಬಂದು
ಬುತ್ತಿಗಂಟು ಬಿಚ್ಚುವ ಮೊದಲೇ.
ಯಾವ ವರ್ಷದ್ದು ಅಂದರೆ
"ಕೆಂದೆಮ್ಮಿ ಈದ ವರ್ಷ" ಅನ್ನುತ್ತಿದ್ದಳು.
ಶಾಲೆಗೆ ಕರೆತಂದಾಗ ವಿರುಪಣ್ಣ ಮೇಷ್ಟ್ರು
ಬಲಗೈ ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅಂದರು.
ಮುಟ್ಟಲಿಲ್ಲ.
ಕತ್ತು ಒಂಚೂರು ವಾಲಿಸಿದೆ. ಮುಟ್ಟಿತು.
ಅವರು ನೋಡಿದ್ದರು. ನೋಡದವರಂತೆ ಬರೆದರು:
ಜೂನ್ ಒಂದು.
ಆ ವರ್ಷ ಸೇರಿದ ನಲವತ್ತೊಂದು ಮಂದಿಯೂ
ಜೂನ್ ಒಂದಕ್ಕೇ ಹುಟ್ಟಿದೆವು,
ಊರ ತುಂಬ ಒಂದೇ ರಾತ್ರಿ ತೊಟ್ಟಿಲು ಕಟ್ಟಿದ ಹಾಗೆ.
ಈಗ ಮೇ ಮೂವತ್ತೊಂದು ಬಂತೆಂದರೆ
ನಮ್ಮವರು ಗುಂಪುಗುಂಪಾಗಿ ಶಾಲು ಹೊದ್ದು ನಿವೃತ್ತರಾಗುತ್ತಾರೆ.
ನನ್ನ ಸರದಿ ಮುಂದಿನ ಮೇ.

ಧನುಶ್ರೀಗೂ ಹೇಳಿದೆ, ಸುಮ್ಮನೆ, ಕಿವಿ ಮುಟ್ಟು ನೋಡೋಣ.
ಮುಟ್ಟಿದಳು. ಬೆರಳು ಕಿವಿ ದಾಟಿ
ಓಲೆಯನ್ನೂ ಹಿಡಿದು ಜಗ್ಗಿತು.
ಕಂಪ್ಯೂಟರಿಗೆ ವಾಲಿಸಲು ಕತ್ತಿಲ್ಲ.
"ಮುಂದಿನ ವರ್ಷ ಬಾರವ್ವ" ಅಂದೆ,
ಆಗಲೂ ನಾನೇ ಇಲ್ಲಿರುತ್ತೇನೆ ಎಂಬಂತೆ.

ಹುಲಿಗೆಮ್ಮ ಪತ್ರ ಮಡಿಸಿದಳು, ಬಹಳ ಹೊತ್ತು ಮಡಿಸಿದಳು.
"ಒಂದ್ ದಿನಕ್ಕ ಒಂದ್ ವರ್ಷ ದಂಡ ಏನ್ರಿ?"
ಉತ್ತರ ಇತ್ತು ನನ್ನ ಹತ್ತಿರ:
ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ,
ಎಳೆದಲ್ಲೆಲ್ಲ ಯಾರದೋ ಕಾಲು ಇದ್ದೇ ಇರುತ್ತದೆ.
ಹೇಳಲಿಲ್ಲ. ಮೇಜು ಒರೆಸಿದೆ.

ಈಗ ಅಂಗನವಾಡಿ ಬಿಟ್ಟ ಮೇಲೆ ಅವಳು
ನಮ್ಮ ಕಾಂಪೌಂಡಿನ ಕಟ್ಟೆಗೆ ಬಂದು ಕೂರುತ್ತಾಳೆ.
ಒಳಗೆ ಒಂದನೇ ತರಗತಿ
ಇಪ್ಪತ್ತರ ಹತ್ತಿರ ಎಡವುತ್ತಿರುತ್ತದೆ.
ಹೊರಗೆ ಗೂಡ್ಸು ಬಂತೆಂದರೆ ಇವಳು ಶುರು,
ಬೆರಳು ಚಾಚಿ, ಒಂದು, ಎರಡು, ಮೂರು,
ಅವ್ವನಿಂದ ಬಂದ ಲೆಕ್ಕ.
ಮೊನ್ನೆ ಕಿಟಕಿಯ ಸರಳು ಹಿಡಿದು ಕೇಳಿದಳು:
"ಟೀಚರ್, ಐವತ್ತೆಂಟು ಆದಮ್ಯಾಲೆ
ಏನೂ ಇರಂಗಿಲ್ಲೇನ್ರಿ?"

ಐವತ್ತೊಂಬತ್ತು, ಅಂದೆ.
ಅರವತ್ತು, ಅಂದೆ.
ಅವಳು ತಿರುಗಿ ಹಳಿಯ ಕಡೆ ನೋಡಿದಳು.
ಅಲ್ಲಿ ಏನೂ ಬರುತ್ತಿರಲಿಲ್ಲ,
ನಂಬಲೋ ಬೇಡವೋ ಅಂತ
ಇನ್ನೂ ನೋಡುತ್ತಲೇ ಇದ್ದಳು.