ಐದನೇ ರಾತ್ರಿ, ನಾಲ್ಕನೇ ಹಾಸಿಗಿ

ಕುಬಸದ ಹಸಿರು ಬಳಿ, ಬಾತ ಮುಂಗೈ.
'ಒಡೀಬ್ಯಾಡ್ರಿ ಸಿಸ್ಟರಬಾಯಿ' ಅಂದಿದ್ದಳು ಅತ್ತಿ.
ಸಾಬೂನು ಹಚ್ಚಿ ಹನ್ನೊಂದು ತಗದೆ.
ಹನ್ನೆರಡನೇದ್ದು ಹೆಚ್ಚಿತು.
ಲೆಕ್ಕ ಕೇಳಲಿಲ್ಲ ಆಕಿ,
ಪುಡಿಕಿ ಕಟಗೊಂಡು ಬಾಗಲ ಹೊರಗ ಕುಂತಳು.

ದಾನೇಶ್ವರಿ, ಇಪ್ಪತ್ಮೂರು, ಚಡಚಣ.
ಎಂಟನೇ ತಿಂಗಳು ತಲಿ ನೋಯ್ತೈತಿ ಅಂದಳಂತ,
ಉಷ್ಣಾ ಅಂತ ನೆತ್ತಿಗೆ ಹರಳೆಣ್ಣಿ ಹಾಕಿದರಂತ.
ಹೊರ್ತಿ ದಾಟೂದರಾಗ ಝಟಕಾ ಬಂದು
ನಾಲಿಗಿ ಕಡಕೊಂಡಾಳ.
ವಿಜಯಪುರಕ್ಕ ಬಂದ ಮ್ಯಾಲ ಹೊಟ್ಟಿ ಕೊಯ್ದರು.
ಕೂಸು ಒಂದೂ ಮುಕ್ಕಾಲು ಕಿಲೋ,
ಮ್ಯಾಲಿನ ಮಹಡಿ, ಗಾಜಿನ ಪೆಟಗಿ.
ತಾಯಿ ಇಲ್ಲಿ. ಉಸಿರು ಮಶೀನಿಂದು.

ಮೂರನೇ ದಿನ ಹಾಲು ಬಂತು.
ಕಣ್ಣು ತೆರೀದಾಕಿ ಎದಿಗೆ
ಯಾರು ಹೇಳಿದರೋ ಕೂಸು ಹುಟ್ಟೈತಿ ಅಂತ,
ಗೌನು ಎರಡೂ ಕಡೆ ತೊಯ್ದು ಅಂಟಿತ್ತು.
ಹಿಂಡಿ, ಅಳದು, ಬರದು, ಬೇಸಿನ್ನಿಗೆ ಸುರುವಿದೆ:
ಔಷಧ ಕೂಡಿದ ಹಾಲು, ಕೊಡೂ ಹಂಗಿಲ್ಲ.
ನಲ್ಲಿ ಬಿಟ್ಟರೂ ಬಿಳುಪು ಹೋಗಾಕ ಹೊತ್ತು ಹಿಡೀತು.
ನನಗೂ ಮನ್ಯಾಗ ಏಳು ತಿಂಗಳಿಂದು ಐತಿ.
ಅದನ್ನ ಯಾಕ ಹೇಳಿದೆನೋ.

ಐದನೇ ರಾತ್ರಿ ಸೋನಾಬಾಯಿ ಬಾಗಲಾ ಬಡದಳು.
ಕೈಯಾಗ ಬಿಳಿ ಹಾಳಿ, ಒಂದು ಸೀಸಕಡ್ಡಿ.
'ಇವತ್ತ ಸೆಟಿಗೆವ್ವ ಹಣಿಬರ ಬರ್ಯಾಕ ಬರತಾಳ.
ಮ್ಯಾಲ ಕೂಸಿನ ಕಡೆ ಹೋಗಬೇಕೋ, ಇಲ್ಲಿ ಬರಬೇಕೋ,
ನಿಮ್ಮ ಲಿಫ್ಟು ಆಕಿಗೆ ತಿಳೀತೈತೋ ಇಲ್ಲೋ.
ತಲಿದೆಸಿಗೆ ಇಡ್ರಿ ಇವನ್ನ.'
ಒಳಗ ಏನೂ ತರೂ ಹಂಗಿಲ್ಲ ಅಂದೆ.
ಅಂದು, ಇಸಕೊಂಡು,
ಹಾಳಿ ಚಾರ್ಟಿನ ಅಡಿಗೆ ಸಿಗಿಸಿದೆ.

ಹನ್ನೊಂದು. ನೂರಾ ಎಪ್ಪತ್ತು, ನೂರಾ ಹತ್ತು.
ಹನ್ನೆರಡು. ನೂರಾ ಅರವತ್ತು. ಮೂತ್ರ ಹದಿನೆಂಟು, ಕೆಂಪು.
ಮೊಣಕಾಲಿಗೆ ಸುತ್ತಿಗಿ ತಟ್ಟಿದೆ, ಕಾಲು ಜಿಗೀತು.
ಒಂದು. ಹಂಗ ಐತಿ.
ಎರಡು. ಮೂತ್ರ ನಲವತ್ತು.
ಬಗ್ಗಿ ಎರಡು ಸಲ ಓದಿದೆ ಗೆರಿ.
ಮೂರಕ್ಕ ಪೆನ್ನಿನ ಶಾಯಿ ಮುಗೀತು.
ಚಾರ್ಟು ಸೀಸಕಡ್ಡೀಲೆ ಬರೀಬಾರದು, ಗೊತ್ತೈತಿ.
ಕೈಗೆ ಸಿಕ್ಕದ್ದು ಅದೊಂದ.
ಒತ್ತಿ ಬರದೆ.

ಬೆಳಕು ಹರದಾಗ ಹಾಳಿ ತಿರುಗಿ ಕೊಟ್ಟೆ.
ಸೋನಾಬಾಯಿ ಕಿಡಕಿ ಬಿಸಿಲಿಗೆ ಹಿಡದಳು, ಓರೆ ಮಾಡಿದಳು.
ಇಡೀ ರಾತ್ರಿಯ ಅಂಕಿ ಅಡಿಗೆ ಒತ್ತಿ ಮೂಡಿದ್ದವು,
ಬಣ್ಣಿಲ್ಲದ, ಒಂದರ ಮ್ಯಾಲ ಒಂದು.
'ಬರದಾಳ' ಅಂದಳು, ಅಳಾಕ ಹತ್ತಿದಳು.
'ಏನಂತ ಬರದಾಳ, ಓದಿ ಹೇಳ್ರಿ ಬಾಯಿ.'

ನನ್ನದ ಅಕ್ಷರ.
ಓದಾಕ ಬರಲಿಲ್ಲ.