ತಂಬಾಕಿನ ಡಬ್ಬಿಯಲ್ಲಿ ಮಣ್ಣು

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೊಲ್ಲಿಗೆ ಇರುವುದೊಂದೇ ಅಂಗಡಿ,
ಕಡಲು ಮನಸ್ಸು ಮಾಡಿದ ವಾರ ಅದಕ್ಕೆ ಸರಕು.
ನನ್ನ ಹೆಂಡತಿ ಡ್ರುಸಿಲ್ಲಾ ಅಲ್ಲಿ ನಿಂತು
ಮಿಠಾಯಿ ಪೊಟ್ಟಣದ ಬೆನ್ನನ್ನು
ಭೂತಗನ್ನಡಿ ಹಿಡಿದು ಓದುತ್ತಾಳೆ,
ಸತ್ತವರ ಕಾಗದ ಓದುವ ಹಾಗೆ.
"ಜೆಲಟಿನ್. ಯಾವ ಪ್ರಾಣಿಯದ್ದು, ಸೆಲ್ಬಿ?"
ಸೆಲ್ಬಿ ಕೀಪಿಂಗ್ ನಲವತ್ತು ವರ್ಷ ಗಲ್ಲಾದ ಮೇಲೆ ಕೂತವನು;
ಈ ಪ್ರಶ್ನೆಗೆ ಅವನಲ್ಲಿ ಚಿಲ್ಲರೆ ಇಲ್ಲ.

ಶುರುವಾದದ್ದು ಎರಡು ಚಳಿಗಾಲದ ಹಿಂದೆ.
ಹಿಮ ಬಾಗಿಲು ಮುಚ್ಚಿದ ಹನ್ನೊಂದು ದಿನ
ಬೈಬಲನ್ನು ಮೊದಲಿಂದ ಹಿಡಿದಳು.
ಎಲ್ಲರೂ ಹಾರಿಸಿಕೊಂಡು ಹೋಗುವ ಯಾಜಕಕಾಂಡದಲ್ಲಿ
ಇವಳು ಕಾಲೂರಿಬಿಟ್ಟಳು.
ಹನ್ನೆರಡನೆಯ ದಿನ ನಾನು ಸಲಿಕೆ ಹಾಕಿ ಬಾಗಿಲು ಬಿಡಿಸಿದೆ;
ಮೊದಲು ಹೊರಗೆ ಬಂದದ್ದು ಉಪ್ಪುಹಂದಿಯ ಪೀಪಾಯಿ.

ನಾನು ಲಾಬ್‌ಸ್ಟರ್ ಹಿಡಿಯುವವನು.
ಅಪ್ಪ ಹಿಡಿದ, ಅವನಪ್ಪ ಹಿಡಿದ.
ರೆಕ್ಕೆಯಿಲ್ಲ, ಪೊರೆಯಿಲ್ಲ,
ನನ್ನ ಬೋನಿಗೆ ಬೀಳುವುದೆಲ್ಲ ಅಶುದ್ಧ.
"ಹಾಗಾದರೆ ಆ ದುಡ್ಡು?" ಕೇಳಿದೆ.
ನೋಟು ಎಣಿಸುತ್ತಿದ್ದವಳು ಬೆರಳು ನೆಕ್ಕಿಕೊಂಡು
"ದುಡ್ಡಿಗೆ ಗೊರಸಿಲ್ಲ, ಗಾರ್ಲಂಡ್" ಎಂದಳು.
ಎಣಿಕೆ ತಪ್ಪಲಿಲ್ಲ.

ಪಾದ್ರಿ ಬಂದರು, ಪೇತ್ರನ ದರ್ಶನ ತಂದರು:
ಆಕಾಶದಿಂದ ಇಳಿದ ಚಾದರ, ಅದರ ತುಂಬ ಸಕಲ ಜಂತು,
ಕೊಯ್ದು ತಿನ್ನು ಎಂಬ ದನಿ.
ಇವಳು ಚಹಾ ಬಗ್ಗಿಸುತ್ತ: "ತಿಂದನೇ?"
ಪಾದ್ರಿ ಪುಟ ತಿರುವಿದರು. ತಿಂದಿರಲಿಲ್ಲ.
ಬಾಗಿಲಲ್ಲಿ ನಿಂತ ಪರಕೀಯರನ್ನು ಒಳಗೆ ಕರೆದ,
ಮಾರನೆಯ ದಿನ ಅವರೊಡನೆ ಹೊರಟ, ಅಷ್ಟೆ.
"ಅಲ್ಲಿಗೆ ಅದು ಮನುಷ್ಯರ ಮಾತಾಯಿತು. ಸಕ್ಕರೆ ಎಷ್ಟು?"

ಕೋಷರ್ ಅಂಗಡಿ ಎಂದರೆ
ಒಂದು ದೋಣಿ, ಒಂದು ಹಡಗು, ದಿನಗಟ್ಟಲೆ ರಸ್ತೆ.
ಮಾಂಟ್ರಿಯಲ್‌ಗೆ ಫೋನು ಹಚ್ಚಿದಳು.
ಆ ಕಡೆ ಒಂದು ಮುದಿ ದನಿ: "ಯೆಹೂದ್ಯರೇ, ಅಮ್ಮ?"
"ಅಲ್ಲ. ಯೇಸುವಿನವಳು."
ತಂತಿಯಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿ.
ಆಮೇಲೆ ಆತ, ಮಗಳಿಗೆ ಸಾರು ಹೇಳಿಕೊಡುವಂತೆ:
ಅರ್ಧ ಗಂಟೆ ತಣ್ಣೀರು, ಒಂದು ಗಂಟೆ ಹರಳುಪ್ಪು, ಮೂರು ಸಲ ತೊಳೆ.
"ಆದರೂ ಅದು ಕೋಷರ್ ಆಗುವುದಿಲ್ಲ" ಅಂದನಂತೆ,
"ನೆತ್ತರು ಹೋಗುತ್ತದೆ, ಅಷ್ಟೆ."
"ನನಗೂ ಅಷ್ಟೇ ಬೇಕು" ಅಂದಳಂತೆ ಇವಳು.

ಮೂಸ್ ಮಾತ್ರ ದೇವರೇ ಕಳಿಸಿದ್ದು
(ಸರ್ಕಾರ ಹೊರಗಿಂದ ತಂದು ಬಿಟ್ಟದ್ದು ಅನ್ನುತ್ತಾನೆ ಸೆಲ್ಬಿ):
ಸೀಳುಗೊರಸು, ಮೆಲುಕು, ಎರಡೂ ಸರಿ.
ಆದರೆ ಬೇಟೆಯ ನೆತ್ತರನ್ನು ಮಣ್ಣಿಂದ ಮುಚ್ಚಬೇಕಂತೆ,
ಹಾಗೆ ಬರೆದಿದೆ.
ಡಿಸೆಂಬರಿನ ನಮ್ಮ ನೆಲ ಕೊಡಲಿಗೂ ಬಾಯಿ ಬಿಡದು.
ಅದಕ್ಕೇ ಆಲೂಗಡ್ಡೆಯ ನೆಲಮಾಳಿಗೆಯಿಂದ
ನನ್ನ ಹಳೇ ತಂಬಾಕಿನ ಡಬ್ಬಿಗೆ ಮಣ್ಣು ತುಂಬಿ
ಹಿಂದೆಯೇ ಬರುತ್ತಿದ್ದಳು,
ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಂಡು.

ಈ ಸಲ ಅವಳ ಮಂಡಿ ಕೈಕೊಟ್ಟಿತು.
ಒಬ್ಬನೇ ಹೋದೆ.
ಎಳೇ ಗಂಡು; ಬಿದ್ದಲ್ಲಿ ಹಿಮ ಹಬೆಯಾಡಿತು.
ಸಾಕ್ಷಿಗೆ ಒಂದು ಕಾಗೆಯೂ ಇಲ್ಲ.
ನನಗೆ ಇದರಲ್ಲಿ ನಂಬಿಕೆಯಿಲ್ಲ, ಹೇಳಿಬಿಡುತ್ತೇನೆ:
ಅವತ್ತು ಬೆಳಿಗ್ಗೆಯೂ ತಮ್ಮನ ಮನೆಯಲ್ಲಿ
ಬೇಕನ್ ತಿಂದು ಬಾಯಿ ತೊಳೆದುಕೊಂಡು ಹೊರಟವನು.
ಚಾಕುವಿಗೆಂದು ಕೋಟಿನ ಕಿಸೆಗೆ ಕೈ ಹಾಕಿದರೆ
ಡಬ್ಬಿ.
ಯಾವಾಗ ಇಟ್ಟಳೋ.
ಮುಚ್ಚಳ ಹೆಪ್ಪುಗಟ್ಟಿತ್ತು, ಹಲ್ಲಿನಿಂದ ಬಿಡಿಸಿದೆ.
ಕಪ್ಪು ಮಣ್ಣು, ಬಿಳಿಚಿದ ಒಂದು ಮೊಳಕೆ,
ತಂಬಾಕಿನ ವಾಸನೆ ಇನ್ನೂ.
ಟೋಪಿ ತೆಗೆದೆ, ಯಾಕೋ. ಕಿವಿ ಕೊರೆಯಿತು.
ಕೆಂಪಿನ ಮೇಲೆ ಒಂದೊಂದೇ ಚಿಟಿಕೆ.
ಸಾಲಲಿಲ್ಲ.
ಉಳಿದದ್ದನ್ನು ಬೂಟಿನಿಂದ ಹಿಮ ತಳ್ಳಿ ಮುಚ್ಚಿದೆ.

ಮನೆಗೆ ಬಂದಾಗ ಅವಳು ಏನೂ ಕೇಳಲಿಲ್ಲ.
ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ
ಹರಳುಪ್ಪಿನ ಜಾಡಿ ಕೆಳಗಿಳಿಸಿದಳು.
"ಕೋಟನ್ನು ಹೊರಗೆ ನೇತುಹಾಕು" ಎಂದಳು,
"ಬೇಕನ್ ನಾತ."