ಪಾವಿಗೊಂದು ಕಾಳು

ನಮ್ಮ ಓಣಿಯಿಂದ ನಕ್ಷತ್ರ ಕಾಣುವುದಿಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಸಂಜೆ ಹೊಟ್ಟು ಉರಿಸಿದರೆ
ಬೆಳಗಿನ ಜಾವದವರೆಗೂ ಮುಗಿಲಿಗೆ ಮಸಿಯ ಮುಚ್ಚಳ.
ಆದರೂ ನನ್ನ ಹತ್ತಿರ ಒಂದು ನಕ್ಷತ್ರ ಇದೆ,
ಲ್ಯಾಪ್‌ಟಾಪಿನಲ್ಲಿ. ನಾಲ್ಕು ವರ್ಷದ ಬೆಳಕು,
ಚುಕ್ಕಿ ಚುಕ್ಕಿಯಾಗಿ, ಒಂದು ಗೆರೆಯ ಮೇಲೆ.
ಹೆಸರಿಲ್ಲ, ಆಧಾರ್ ಕಾರ್ಡಿನ ಹಾಗೆ ಉದ್ದದ ನಂಬರು.
ನಮ್ಮ ಸೂರ್ಯನದೇ ಬಣ್ಣ, ಅದೇ ಮೈಕಟ್ಟು.
ದೂರ ಎಷ್ಟೆಂದರೆ, ನಾನು ಏಳನೇ ಕ್ಲಾಸಿನಲ್ಲಿದ್ದಾಗ
ಅಲ್ಲಿಂದ ಹೊರಟದ್ದು ಈಗ ಬಂದು ಮುಟ್ಟಿದೆ.

ಹಗಲು ಕಾಲೇಜಿನಲ್ಲಿ ಪೀನ ಮಸೂರ, ಮೇಣದಬತ್ತಿ,
ಹುಡುಗರ ರೆಕಾರ್ಡ್ ಪುಸ್ತಕಕ್ಕೆ ಕೆಂಪು ಸಹಿ.
ರಾತ್ರಿ ಇದು. ಯಾರೂ ಹೇಳಿದ್ದಲ್ಲ, ಸಂಬಳವಿಲ್ಲ.
ಎಲ್ಲರಿಗೂ ತೆರೆದಿಟ್ಟ ಲೆಕ್ಕ,
ಯಾರೂ ಪೂರ್ತಿ ನೋಡಿ ಮುಗಿಸದ ಲೆಕ್ಕ.

ಭೂಮಿಯಂಥ ಒಂದು ಗುಂಡುಗಲ್ಲು
ಅಂಥ ಸೂರ್ಯನ ಮೋರೆಯ ಮುಂದೆ ಹಾದುಹೋದರೆ
ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ಕಡಿಮೆ.
ಅಷ್ಟೇ. ಕೆಲವು ತಾಸು. ಆಮೇಲೆ ಏನೂ ಆಗದ ಹಾಗೆ.
ಹತ್ತು ಸಾವಿರ ಅಂದರೆ ಎಷ್ಟೆಂದು ನನಗೆ ಗೊತ್ತು:
ಹೆಚ್ಚುಕಡಿಮೆ ಒಂದು ಪಾವು ಅಕ್ಕಿ.
ಒಂದು ಬೇಸಿಗೆ ರಜೆಯಲ್ಲಿ ಖೈರೂನ್‌ಬಿಯ ಭಟ್ಟಿಯ ಕಟ್ಟೆಯ ಮೇಲೆ
ಕೂತು ಎಣಿಸಿದ್ದೇನೆ. ಮೂರು ದಿನ ಹಿಡಿಯಿತು,
ಎರಡು ಸಲ ತಪ್ಪಿತು.

ಕಲ್ಲು ಆರಿಸಲು ದಿನಕ್ಕೆ ನಾಲ್ಕು ರೂಪಾಯಿ ಕೊಡುತ್ತಿದ್ದಳು.
ನಾನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ.
ಅವಳು ಮೊರದ ಕಡೆ ನೋಡುತ್ತಲೇ ಇರಲಿಲ್ಲ.
ಗಿರಾಕಿಯ ಜೊತೆ ಮಾತು, ನಾದಿನಿಯ ಜೊತೆ ಜಗಳ,
ಕೈ ಮಾತ್ರ ಕೇರುತ್ತಿತ್ತು, ಸರ್, ಸರ್, ಸರ್,
ನಡುವೆ ಒಮ್ಮೆ ಟಿಣ್.
ಅಕ್ಕಿಯ ಬಣ್ಣದ್ದೇ ಕಲ್ಲು, ಅಕ್ಕಿಯ ಗಾತ್ರದ್ದೇ.
ಎರಡು ಬೆರಳಲ್ಲಿ ಎತ್ತಿ ಡಾಲ್ಡಾ ಡಬ್ಬಿಗೆ ಹಾಕುವಳು.

ಈ ಆಷಾಢದ ಒಂದು ರಾತ್ರಿ, ಕರೆಂಟು ಹೋಗಿ ಬಂದ ಮೇಲೆ,
ಗೆರೆಯಲ್ಲಿ ಒಂದು ತಗ್ಗು ಕಂಡಿತು, ಉಗುರಿನ ಗೀರಿನಷ್ಟು.
ನಲವತ್ತೊಂದು ದಿನ ಬಿಟ್ಟು ಇನ್ನೊಂದು.
ಎದೆ ಹೊಡೆದುಕೊಂಡಿತು. ಬಲ್ಲವರಿಗೆ ಬರೆದೆ.
ಮರುದಿನವೇ ಉತ್ತರ, ಮೆತ್ತಗಿನ ಮಾತಿನಲ್ಲಿ:
ನಕ್ಷತ್ರಕ್ಕೂ ಕಲೆಗಳಿರುತ್ತವೆ,
ದುರ್ಬೀನೂ ಒಮ್ಮೊಮ್ಮೆ ನಡುಗುತ್ತದೆ.
ಸರಿ. ಹೌದು. ಪಾಠದಲ್ಲಿ ನಾನೇ ಹೇಳುವ ಮಾತು.

ಎರಡು ಸೇರು ಮಂಡಕ್ಕಿ ಅಳೆಸಿಕೊಳ್ಳುವಾಗ
ಖೈರೂನ್‌ಬಿಗೆ ಹೇಳಿದೆ, ಸುಮ್ಮನೆ, ಹೊಟ್ಟೆಯುರಿಗೆ.
ಸುಡುವ ಮರಳಿನಿಂದ ಜರಡಿ ಎತ್ತಿ ಅಂದಳು:
"ಒಂದೆರಡ್ ಸಲ ಟಿಣ್ ಅಂದ್ರ ಅದು ಕೈಬಳೀನೂ ಇರಬೌದು.
ಮೊರ ತಿರುವಿ ಇನ್ನೊಮ್ಮೆ ಕೇರಿದ್ಯಾ?
ಕಲ್ಲಾದ್ರ ತಿರುಗಿ ಅದೇ ಮೂಲಿಗೆ ಬರತೈತಿ.
ಹೊಟ್ಟಾದ್ರ ಎಲ್ಲೆಲ್ಲೋ ಹಾರತೈತಿ."

ನಾಲ್ಕು ವರ್ಷದ ಬೆಳಕನ್ನು ನಲವತ್ತೊಂದು ದಿನಕ್ಕೊಮ್ಮೆ ಮಡಚಿದೆ,
ಸೀರೆ ಮಡಚಿದ ಹಾಗೆ, ಅಂಚಿಗೆ ಅಂಚು ಕೂಡಿಸಿ.
ನನ್ನ ತಗ್ಗು ಹಾರಿಹೋಯಿತು. ಹೊಟ್ಟು.
ಹಾಸಿಗೆಗೆ ಹೋಗಬಹುದಿತ್ತು.
ಮಡಿಕೆ ಬದಲಿಸುತ್ತ ಹೋದೆ, ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು,
ಇಪ್ಪತ್ತಾರೂವರೆ ದಿನದ ಮಡಿಕೆಯಲ್ಲಿ
ಮೂಲೆಯಲ್ಲಿ ಏನೋ ಕೂತಿತ್ತು.
ಪಾವಿಗೊಂದು ಕಾಳು.
ಐವತ್ತೈದು ಮಡಿಕೆ, ಹೇಗೆ ಕೇರಿದರೂ ಅದೇ ಮೂಲೆ.

ಇನ್ನೂ ಯಾರಿಗೂ ಬರೆದಿಲ್ಲ.
ಅಷ್ಟು ಹತ್ತಿರ ಸುತ್ತುವ ಕಲ್ಲು,
ಭಟ್ಟಿಯ ಮರಳಿಗಿಂತ ಬಿಸಿ ಇದ್ದೀತು.
ನೀರಿರಲಾರದು, ಹಸಿರಿರಲಾರದು,
ಅಲ್ಲಿಂದ ಇತ್ತ ನೋಡುವವರು ಯಾರೂ ಇರಲಾರರು.
ಅದಕ್ಕೇ ಏನೋ, ತುಸು ಹೆಚ್ಚೇ ಹಚ್ಚಿಕೊಂಡಿದ್ದೇನೆ.

ಬೆಳಿಗ್ಗೆ ಮಂಡಕ್ಕಿ ತಿನ್ನುವಾಗ ಹಲ್ಲಿಗೊಂದು ಕಲ್ಲು ಸಿಕ್ಕಿತು,
ಖೈರೂನ್‌ಬಿಯ ಕೈಯಿಂದಲೂ ತಪ್ಪಿಸಿಕೊಂಡದ್ದು.
ಉಗುಳಲಿಲ್ಲ.
ನಾಲಿಗೆಯ ಮೇಲೆ ಒಂದು ಸುತ್ತು ತಿರುವಿ ನೋಡಿದೆ,
ಉಪ್ಪುಪ್ಪು.